ಹುಚ್ಚವ್ವ ಮುಟ್ಟಿದ ಭಂಡಾರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮುದ್ದೇಬಿಹಾಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಔಷಧದ ಅಂಗಡಿ ನಡೆಸುತ್ತಿದ್ದೇನೆ. 'ಕುತುಬುದ್ದೀನನ ಅಂಗಡ್ಯಾಗ ಗುಳಿಗಿಗೆ ರೊಕ್ಕ, ಬೈಗುಳ ಪುಕ್ಕಟೆ' ಎಂದು ಜನ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಆಡಿಕೊಳ್ಳಲಿ. ಬಿಪಿ ಗುಳಿಗೆಯನ್ನು ಮುರಿದು ಅರ್ಧ ನುಂಗುವವರನ್ನು, ತನ್ನ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಬೀಗರಿಗೂ ಹಂಚುವವರನ್ನು ಬೈಯದೆ ಬಿಟ್ಟರೆ ಅಂಗಡಿಗೆ ಬೀಗ ಹಾಕುವುದೇ ವಾಸಿ ಎಂದು ತಿಳಿದಿದ್ದವನು ನಾನು. ಆ ಸಿಟ್ಟು ಕಳೆದ ವರ್ಷ ಒಬ್ಬ ಹೆಂಗಸಿನ ಜೀವ ತೆಗೆಯುವುದರಲ್ಲಿತ್ತು. ಅವಳ ಹೆಸರು ಹುಚ್ಚವ್ವ.

ಹುಚ್ಚವ್ವ ತಾಳಿಕೋಟೆ ಕಡೆಯ ಕುರುಬರ ವಸ್ತಿಯವಳು. ವಯಸ್ಸು ನಲವತ್ತರ ಆಸುಪಾಸು; ಅವಳನ್ನೇ ಕೇಳಿದರೆ "ಯಾಂವ ಎಣಿಸ್ಯಾನ್ರಿ" ಎನ್ನುತ್ತಾಳೆ. ಆದರೆ ನಾಲ್ಕು ನೂರು ಕುರಿಯಲ್ಲಿ ಒಂದು ಕಡಿಮೆಯಾದರೆ ಒಮ್ಮೆ ಕಣ್ಣಾಡಿಸಿ ಯಾವುದು ಎಂದು ಹೇಳುತ್ತಾಳೆ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವಳ ಹೃದಯದ ಒಂದು ಕವಾಟವನ್ನು ಕೆಡಿಸಿತ್ತು. ಅದು ಗೊತ್ತಾದದ್ದು ಹತ್ತು ಹೆಜ್ಜೆ ನಡೆದರೆ ಏದುಸಿರು ಬರತೊಡಗಿದ ಮೇಲೆ. ದೀಪಾವಳಿಗೆ ಸ್ವಲ್ಪ ಮುಂಚೆ ವಿಜಯಪುರದ ಡಾಕ್ಟರ್ ಅರುಣಕುಮಾರ ಅವಳನ್ನು ದೊಡ್ಡ ಆಸ್ಪತ್ರೆಗೆ ಕಳಿಸಿ ಆಪರೇಷನ್ ಮಾಡಿಸಿದರು. ಕೆಟ್ಟ ಕವಾಟ ತೆಗೆದು ಲೋಹದ್ದೊಂದನ್ನು ಕೂರಿಸಿದ್ದರು. ಸದ್ದಿಲ್ಲದ ಕಡೆ ಅವಳ ಪಕ್ಕ ಕೂತರೆ ಅದು ಟಿಕ್ ಟಿಕ್ ಅನ್ನುವುದು ಕೇಳುತ್ತದೆ. "ಎದ್ಯಾಗ ವಾಚ್ ಕಟ್ಟ್ಯಾರ್ರಿ ನನಗ" ಎಂದು ನಗುತ್ತಿದ್ದಳು.

ಲೋಹದ ಕವಾಟಕ್ಕೆ ಒಂದು ಪೀಡೆ ಉಂಟು. ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹಾಗಾಗದಂತೆ ರಕ್ತವನ್ನು ತೆಳುವಾಗಿಡುವ ಗುಳಿಗೆಯನ್ನು ಜೀವ ಇರುವ ತನಕ ನುಂಗಬೇಕು. ಗುಳಿಗೆ ಕಡಿಮೆಯಾದರೆ ಕವಾಟ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ರಕ್ತ ಎಲ್ಲೆಂದರಲ್ಲಿ ಒಸರುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ರಕ್ತ ಕೊಟ್ಟು ಒಂದು ಅಂಕಿ ನೋಡಿಸಬೇಕು; ಅಂಕಿ ಏರಿದಷ್ಟೂ ರಕ್ತ ತೆಳು. ಹುಚ್ಚವ್ವನ ಅಂಕಿ ಎರಡೂವರೆ ಮತ್ತು ಮೂರೂವರೆಯ ನಡುವೆ ಇರಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದರು. ನನ್ನ ಅಂಗಡಿಗೆ ಹೊಂದಿಕೊಂಡೇ ಸುರೇಖಾಳ ರಕ್ತ ಪರೀಕ್ಷೆಯ ಕೋಣೆ ಇದೆ. ಸುರೇಖಾ ಅಂಕಿ ಬರೆದು ನನಗೆ ಕೊಡುವಳು, ನಾನು ಡಾಕ್ಟರಿಗೆ ಫೋನಿನಲ್ಲಿ ಹೇಳುವೆ, ಅವರು ಎಷ್ಟು ಗುಳಿಗೆ ಎಂದು ತಿಳಿಸುವರು. ಓದು ಬರಹ ಬಾರದ ಹುಚ್ಚವ್ವನ ಕಡತವೂ ನನ್ನ ಡ್ರಾಯರಿನಲ್ಲೇ ಇರುತ್ತಿತ್ತು.

ಇದೇ ಗುಳಿಗೆ ನುಂಗುವ ಇನ್ನೊಬ್ಬರು ನನ್ನ ಗಿರಾಕಿಗಳಲ್ಲಿದ್ದಾರೆ, ಊರ ಲೆಕ್ಕ ಬರೆಯುತ್ತಿದ್ದ ನಿವೃತ್ತ ತಲಾಠಿ ಬಸವಂತರಾಯರು. ಅದೇ ಕಂಪನಿ, ಅದೇ ಗುಲಾಬಿ ಬಣ್ಣ, ದಿನಕ್ಕೆ ಒಂದು. ಆರು ವರ್ಷದಿಂದ ಅವರ ಅಂಕಿ ಮೂರರ ಹತ್ತಿರ ಕದಲದೆ ಕೂತಿದೆ. ಶಿಸ್ತಿನ ಮನುಷ್ಯ; ಸಂಜೆ ಏಳೂವರೆಗೆ ಊಟ, ಎಂಟಕ್ಕೆ ಗುಳಿಗೆ. ಹುಚ್ಚವ್ವನಿಗೂ ಮೊದಲು ಒಂದನ್ನೇ ಕೊಟ್ಟರು. ನವೆಂಬರ್ ಕೊನೆಗೆ ಅವಳ ಅಂಕಿ ಒಂದೂವರೆ. ಒಂದೂವರೆ ಗುಳಿಗೆ ಮಾಡಿದರು. ಜನವರಿಯಲ್ಲಿ ನೋಡಿದರೆ ಒಂದು ಪಾಯಿಂಟ್ ಆರು.

ನನಗೆ ತಲೆ ಕೆಟ್ಟಿತು. ಅದಕ್ಕೊಂದು ಕಾರಣವಿತ್ತು. ಹಿಂದೆ ತಾಳಿಕೋಟೆಯ ಪರಶು ಅಂತ ಒಬ್ಬ ಗೌಂಡಿ ಇದ್ದ, ಇಂಥದೇ ಕವಾಟ. 'ಈಗ ಆರಾಮ ಅದೇನಿ' ಎಂದು ಗುಳಿಗೆ ಬಿಟ್ಟ. ಎರಡು ವಾರವೂ ಆಗಿರಲಿಲ್ಲ, ಕವಾಟ ಕಚ್ಚಿಕೊಂಡು, ಆಸ್ಪತ್ರೆಗೆ ಒಯ್ಯುವ ಜೀಪಿನಲ್ಲೇ ಜೀವ ಬಿಟ್ಟ. ಅವನ ಕೊನೆಯ ಚೀಟಿಯ ಗುಳಿಗೆ ಕೊಟ್ಟವನು ನಾನು. ಗುಳಿಗೆ ತಪ್ಪಿಸುವವರನ್ನು ಕಂಡರೆ ಅವತ್ತಿನಿಂದ ನನಗೆ ಭಯ. ಆ ಭಯ ಬಾಯಿಗೆ ಬರುವಾಗ ಬೈಗುಳವಾಗುತ್ತದೆ.

"ಖರೇ ಹೇಳು ಹುಚ್ಚವ್ವ, ಎಷ್ಟು ದಿನ ತಪ್ಪಿಸೀದಿ?" ಎಂದೆ. ಅಂಗಡಿ ತುಂಬ ಜನ.

"ಒಂದ ದಿನಾನೂ ತಪ್ಪಿಸಿಲ್ರಿ."

"ಸುಳ್ಳ ಹೇಳಬ್ಯಾಡ. ಇಲ್ಲಿ ನೋಡು, ತಲಾಠಿ ಸಾಹೇಬ್ರು. ಇದ ಗುಳಿಗಿ, ದಿನಾ ಒಂದ. ಅವರಿಗಿ ಹತ್ತೂದು ನಿನಗ್ಯಾಕ ಹತ್ತೂದಿಲ್ಲ? ನಿನ್ನ ರಕ್ತ ಏನು ಬ್ಯಾರೆ ಕಂಪನಿ ಮಾಲೇನು?"

ಜನ ನಕ್ಕರು. ಬಸವಂತರಾಯರು ಕೋಟಿನ ಗುಂಡಿ ಸರಿಮಾಡಿಕೊಂಡರು. ಹುಚ್ಚವ್ವ ನಗಲಿಲ್ಲ. ಸೊಂಟದಲ್ಲಿದ್ದ ಸಣ್ಣ ಚೀಲ ತೆಗೆದು ಕೌಂಟರಿನ ಮೇಲೆ ಇಟ್ಟಳು. ಅದರಲ್ಲಿ ಬೀರಪ್ಪನ ಭಂಡಾರ, ದೇವರ ಮುಂದಿನ ಅರಿಷಿಣ ಪುಡಿ. ಕುರಿ ಕಾಯುವವರು ಅದಿಲ್ಲದೆ ವಸ್ತಿ ಬಿಟ್ಟು ಕದಲುವುದಿಲ್ಲ. ಕುರಿಗೆ ರೋಗ ಬಂದರೂ ಅದೇ, ಕೂಸಿಗೆ ಹೆಸರಿಟ್ಟರೂ ಅದೇ. ಅದನ್ನು ಮುಟ್ಟಿ ಆಡಿದ ಮಾತು ತಪ್ಪಿದರೆ ಹಿಂಡಿಗೆ ಹಿಂಡೇ ಹೋಗುತ್ತದೆ ಎಂಬ ನಂಬಿಕೆ. ನಾನು ಮುಸಲ್ಮಾನ, ಆದರೆ ಇದೇ ಮಣ್ಣಿನಲ್ಲಿ ಬೆಳೆದವನಿಗೆ ಭಂಡಾರದ ತೂಕ ಗೊತ್ತಿಲ್ಲದಿರುತ್ತದೆಯೇ? ಗೊತ್ತಿದ್ದೇ ಆ ಮಾತು ಹೇಳಿದೆ.

"ಹಂಗಾರ ಮುಟ್ಟಿ ಆಣಿ ಮಾಡು. ರಾತ್ರಿ ಉಂಡ ಮ್ಯಾಲೆ ಗುಳಿಗಿ ತಗೋತೇನಿ, ಯಾರು ಏನ ಹೇಳಿದ್ರೂ ಬಿಡೂದಿಲ್ಲ ಅಂತ."

ಅವಳು ಮುಟ್ಟಿದಳು. ನಾನು ಹೇಳಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಮರುದಿನ ಡಾಕ್ಟರು ಗುಳಿಗೆಯನ್ನು ಎರಡಕ್ಕೆ ಏರಿಸಿದರು. ಫೆಬ್ರವರಿ ಮೊದಲ ವಾರ ಅಂಕಿ ಎರಡು ಪಾಯಿಂಟ್ ಏಳಕ್ಕೆ ಬಂತು. ನಾನು ಮೀಸೆ ತಿರುವಿದೆ. ಭಂಡಾರ ಕೆಲಸ ಮಾಡಿತು ಎಂದು ಮನೆಯಲ್ಲಿ ಹೆಂಡತಿ ಮಾಬುಬಿಯ ಮುಂದೆ ಕೊಚ್ಚಿಕೊಂಡೆ. ಅವಳು "ಪಾಪ, ಬಾಯಿ ಮಾತು ನಂಬಿದ್ರ ಆಗೂದಿಲ್ಲೇನು" ಎಂದಳು. ನನಗೆ ಅದು ಹಿಡಿಸಲಿಲ್ಲ.

ಫೆಬ್ರವರಿ ಕೊನೆಗೆ ಹುಚ್ಚವ್ವನ ಗಂಡ ಸೋಮನಿಂಗ ಕುರಿ ಹೊರಡಿಸಿದ. ಹಿಂಗಾರಿ ಸುಗ್ಗಿ ಮುಗಿದ ಮೇಲೆ ಈ ಕಡೆಯ ಕುರಿಗಾರರು ಹಿಂಡನ್ನು ಊರಿಂದೂರಿಗೆ ಹೊಡೆದುಕೊಂಡು ಹೋಗುತ್ತಾರೆ. ರಾತ್ರಿ ಒಬ್ಬ ರೈತನ ಹೊಲದಲ್ಲಿ ಬಲೆ ಕಟ್ಟಿ ಕುರಿ ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರ, ಇವರಿಗೆ ಜೋಳ. ಭಾರ ಎತ್ತಬೇಡ ಎಂದು ಹೇಳಿ ಡಾಕ್ಟರು ಹುಚ್ಚವ್ವನಿಗೂ ಹೋಗಲು ಒಪ್ಪಿದ್ದರು. ಬಸವನ ಬಾಗೇವಾಡಿ ದಾಟಿ, ಮುಳವಾಡದ ಕಡೆ ಕಾಲುವೆ ನೀರಿನ ಹೊಲಗಳಿಗೆ ಹೋದರು. ಮಾರ್ಚಿನಲ್ಲಿ ಅವಳು ರಕ್ತ ಕೊಡಲು ಬರಲಿಲ್ಲ. ಕುರಿ ಮರಿ ಹಾಕುವ ಕಾಲವಂತೆ.

ಮಾರ್ಚ್ ಮುಗಿಯುವ ಹೊತ್ತಿಗೆ ಗಂಡನ ಫೋನಿನಿಂದ ಒಮ್ಮೆ ಮಾತಾಡಿದಳು.

"ಕುತುಬಣ್ಣಾ, ಹಲ್ಲಾಗ ರಕ್ತ ಬರಾಕತ್ತೈತ್ರಿ. ಗುಳಿಗಿ ನನಗ ಜಾಸ್ತಿ ಆಗೇತೇನ್ರಿ?"

"ಬೇವಿನ ಕಡ್ಡಿ ಒತ್ತಿ ತಿಕ್ಕಿರ್ತೀ. ಗುಳಿಗಿ ಬಿಡಾಕ ನೆವ ಹುಡುಕಬ್ಯಾಡ, ಆಣಿ ಮಾಡೀದಿ. ಒಂದ ಸಲ ಬಂದು ರಕ್ತ ಕೊಟ್ಟು ಹೋಗು."

ಅಷ್ಟೇ ಹೇಳಿ ಫೋನಿಟ್ಟೆ. ಆ ಮಾತು ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಏಪ್ರಿಲ್ ಎರಡನೇ ವಾರ ಬಂದಳು. ಬೆಳಗಿನ ಬಸ್ಸಿಗೆ ಬಂದು ಸುರೇಖಾಳ ಹತ್ತಿರ ರಕ್ತ ಕೊಟ್ಟು, ತಿರುಗಿ ಹೋಗುವ ಮುಂದೆ ಅಂಗಡಿಯ ಮೆಟ್ಟಿಲ ಹತ್ತಿರ ನಿಂತಳು. ಮುಖ ಬಾಡಿತ್ತು, ಕಣ್ಣು ಒಳಗೆ ಹೋಗಿದ್ದವು. ನಾನು ಗಿರಾಕಿಗಳ ನಡುವೆ ಇದ್ದೆ. "ಗುಳಿಗಿ ತಪ್ಪಿಸಿಲ್ಲಲ್ಲ?" ಎಂದು ಅಲ್ಲಿಂದಲೇ ಕೂಗಿದೆ. ಅವಳು "ಆಣಿ ಮುರದಿಲ್ರಿ" ಎಂದು ಹೊರಟಳು.

ಮಧ್ಯಾಹ್ನ ಎರಡಕ್ಕೆ ಸುರೇಖಾ ಕೈಯಲ್ಲಿ ಚೀಟಿ ಹಿಡಿದು ಓಡಿ ಬಂದಳು. ಅವಳು ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಎರಡ ಸಲ ಮಾಡೇನಿ ಅಣ್ಣಾ, ಅಷ್ಟ ಬರಾಕತ್ತೈತಿ."

ಒಂಬತ್ತು ಪಾಯಿಂಟ್ ಎರಡು.

ಡಾಕ್ಟರಿಗೆ ಫೋನ್ ಹಚ್ಚಿದೆ. "ಗುಳಿಗೆ ಈಗಿಂದೀಗ ನಿಲ್ಲಿಸಬೇಕು. ಇವತ್ತೇ ಆಸ್ಪತ್ರೆಗೆ ಸೇರಿಸಬೇಕು, ಬಾಗೇವಾಡಿಯಲ್ಲಿ ನಾನು ಹೇಳಿಡ್ತೇನೆ. ಇವತ್ತು ಸಂಜೆ ಮತ್ತೆ ಎರಡು ಗುಳಿಗೆ ಹೋದರೆ, ಒಂದು ಸಣ್ಣ ಪೆಟ್ಟು ತಲೆಗೆ ಬಿದ್ದರೂ ಕೈ ಮೀರುತ್ತದೆ. ಕುರಿ ಹಾಯುವ ಜಾಗದಲ್ಲಿ ಇರುವವಳು ಬೇರೆ." ಆಮೇಲೆ ಒಂದು ಪ್ರಶ್ನೆ ಕೇಳಿದರು: "ಅಲ್ಲಾರೀ, ಅವಳು ಏನು ಊಟ ಮಾಡ್ತಾಳೆ?"

"ರೊಟ್ಟಿ ತಿಂತಾಳ್ರಿ. ಮತ್ತೇನು ತಿಂತಾಳ್ರಿ?"

"ರೊಟ್ಟಿ ಜೊತೆಗೆ? ಚಳಿಗಾಲದಲ್ಲಿ ವಸ್ತಿಯಲ್ಲಿದ್ದಾಗ ಏನು? ಈಗ ಏನು?"

ಚಳಿಗಾಲದಲ್ಲಿ ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ತಪ್ಪಲು, ಅಂದರೆ ಸೊಪ್ಪು, ಇಲ್ಲದೆ ಊಟವೇ ಇಲ್ಲ. ಹೊಲದಲ್ಲಿ ತಾನೇ ಹುಟ್ಟುವ ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಕಡಲೆಯ ಕುಡಿ. ತೊಳೆದು, ಹಿಡಿಗಟ್ಟಲೆ ಹಸಿಯಾಗಿಯೇ ತಿನ್ನುತ್ತೇವೆ. ಹುಚ್ಚವ್ವನಿಗಂತೂ ಆಪರೇಷನ್ ಆದ ಮೇಲೆ 'ರಕ್ತ ಆಗಲಿ' ಎಂದು ಅತ್ತೆ ಹೊತ್ತು ಹೊತ್ತಿಗೆ ತಪ್ಪಲು ತಿನ್ನಿಸುತ್ತಿದ್ದಳು. ಅದನ್ನು ಹುಚ್ಚವ್ವನೇ ನನಗೆ ಹೇಳಿದ್ದಳು, ನಾನೇ 'ಚಲೋ ಆತು ತಿನ್ನು' ಎಂದಿದ್ದೆ. ಆ ಹಸಿರು ಈ ಗುಳಿಗೆಯ ಶಕ್ತಿಯನ್ನು ಕುಗ್ಗಿಸುತ್ತದೆ. ಅದಕ್ಕೇ ಒಂದು ಗುಳಿಗೆ ಸಾಲಲಿಲ್ಲ, ಒಂದೂವರೆಯೂ ಸಾಲಲಿಲ್ಲ. ಎರಡಕ್ಕೆ ಏರಿಸಿದ ಮೇಲೆ ಅವಳು ಕುರಿಯ ಹಿಂದೆ ಹೋದಳು. ಬೇಸಗೆಯಲ್ಲಿ, ಬಯಲಲ್ಲಿ, ರೊಟ್ಟಿಗೆ ಕೆಂಪು ಖಾರದ ಹಿಂಡಿ ಮತ್ತು ಮಜ್ಜಿಗೆ. ಹಸಿರು ನಿಂತಿತು, ಗುಳಿಗೆ ಎರಡಾಗಿಯೇ ಉಳಿಯಿತು.

ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಡಿಪ್ಲೊಮಾ ಓದುವಾಗ ಪುಸ್ತಕದಲ್ಲಿತ್ತು, ಪರೀಕ್ಷೆಯಲ್ಲಿ ಬರೆದಿದ್ದೆ, ಪೂರ್ತಿ ಅಂಕ ಕೊಟ್ಟಿದ್ದರು. ಆಸ್ಪತ್ರೆಯವರು ಕೊಟ್ಟ ಇಂಗ್ಲಿಷ್ ಹಾಳೆಯಲ್ಲೂ ಇತ್ತು. ಅದನ್ನು ಅವಳ ಕಡತಕ್ಕೆ ಪಿನ್ ಹೊಡೆದಿಟ್ಟವನು ನಾನೇ. ಪುಸ್ತಕದ 'ಹಸಿರು ಸೊಪ್ಪು' ಎಂದರೆ ನಮ್ಮ ಹಕ್ಕರಕಿ ಎಂದು ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ನನ್ನ ಮಂಡೆಗೆ ಹೊಳೆಯಲಿಲ್ಲ.

ಸೋಮನಿಂಗನ ಫೋನ್ ಸ್ವಿಚ್ ಆಫ್. ಹತ್ತು ಸಲ ಹಚ್ಚಿದೆ. ಹನ್ನೊಂದನೆಯ ಸಲಕ್ಕೆ ರಿಂಗಾಯಿತು. ಮುಳವಾಡದ ಚಹಾ ಅಂಗಡಿಯಲ್ಲಿ ಚಾರ್ಜಿಗೆ ಹಾಕಿದ್ದನಂತೆ. ಗುಳಿಗೆ ಕೊಡಬೇಡ, ಕೂಡಲೇ ಬಾಗೇವಾಡಿಗೆ ಕರೆದುಕೊಂಡು ಹೋಗು ಎಂದು ಕೂಗಿ ಹೇಳಿದೆ. ಅವನು ಹಿಂಡಿನ ಕಡೆ ಓಡಿದ. ನಾನು ಅಂಗಡಿಯಲ್ಲಿ ಅತ್ತಿಂದಿತ್ತ ತಿರುಗಿದೆ. ನಾಲ್ಕೂಕಾಲಿಗೆ, ಅವರು ಕುರಿ ನಿಲ್ಲಿಸಿದ್ದ ಹೊಲದ ಮಾಲೀಕ ಶ್ರೀಶೈಲಪ್ಪನ ಫೋನಿನಿಂದ ಸೋಮನಿಂಗ ಮಾತಾಡಿದ.

"ಕೇಳವಲ್ಲಳ್ರಿ. ಯಾರು ಏನ ಹೇಳಿದ್ರೂ ಬಿಡೂದಿಲ್ಲಂತ ಭಂಡಾರ ಮುಟ್ಟೇನಿ ಅಂತಾಳ. ದವಾಖಾನಿಗೂ ಒಲ್ಲೆ ಅಂತಾಳ, ಅಲ್ಲಿ ಗುಳಿಗಿ ಬಿಡಸ್ತಾರಂತ."

"ಫೋನ್ ಆಕಿ ಕೈಯಾಗ ಕೊಡು."

"ಕೊಟ್ಟೆ, ಹಿಡಕೊಳ್ಳಿಲ್ರಿ. ಆಣಿ ಫೋನಿನ್ಯಾಗ ಬಿಡೂವಂಥದಲ್ಲಂತ. ಆಣಿ ಹಾಕಿದವರು ಬಂದು ಭಂಡಾರ ಹಚ್ಚಿ ಬಿಡಸಬೇಕಂತ."

"ಏ ಸೋಮನಿಂಗ, ಗುಳಿಗಿ ಕಸಗೊಂಡು ಕಾಲವಿಗಿ ಒಗಿ!"

ಅವನ ದನಿ ಸಣ್ಣದಾಯಿತು. "ನನ್ನ ಕೈಲೆ ಆಗೂದಿಲ್ರಿ. ನಾಕನೂರ ಜೀವ ಅದಾವ ಆ ಭಂಡಾರದ ಮ್ಯಾಲ. ಹೊತ್ತ ಮುಣಗಿದ ಮ್ಯಾಲ ಉಣ್ತಾಳ್ರಿ, ಉಂಡ ಕೂಡಲೇ ಗುಳಿಗಿ. ನೀವ ಬರ್ರಿ."

ಅಂಗಡಿಯ ಕೀಲಿ ಸುರೇಖಾಳ ಕೈಗೆ ಕೊಟ್ಟು ಬೈಕ್ ಹತ್ತಿದೆ. ಹೊತ್ತು ಮುಳುಗಲು ಎರಡು ಗಂಟೆಗೆ ಸ್ವಲ್ಪ ಜಾಸ್ತಿ ಇತ್ತು. ಏಪ್ರಿಲ್ ಬಿಸಿಲು ರಸ್ತೆಯ ಡಾಂಬರನ್ನು ಮೆತ್ತಗೆ ಮಾಡಿತ್ತು. ಬಾಗೇವಾಡಿಯ ತನಕ ಎಲ್ಲಿಯೂ ನಿಲ್ಲಲಿಲ್ಲ. ಅಲ್ಲಿ ಬಜಾರದಲ್ಲಿ ಒಬ್ಬಳು ಮೆಂತ್ಯಪಲ್ಲೆ ಮಾರುತ್ತಿದ್ದಳು. ನನಗೇನು ತಿಳಿಯಿತೋ, ಗಾಡಿ ನಿಲ್ಲಿಸಿ ನಾಲ್ಕು ಸಿವುಡು ಕೊಂಡು, ಡಾಕ್ಟರಿಗೆ ಫೋನ್ ಮಾಡಿ "ಇದನ್ನ ತಿನಿಸಿದ್ರ ಇಳಿತೈತೇನ್ರಿ ಸರ್" ಎಂದೆ.

"ಕುತುಬುದ್ದೀನ್, ನೀವೇ ವೈದ್ಯ ಮಾಡಲು ಹೋಗಬೇಡಿ. ಜೀವ ಹೋಗುವಾಗ ಪಲ್ಲೆ ತೂಗಿ ಕೊಡ್ತೀರಾ? ಆಸ್ಪತ್ರೆಯಲ್ಲಿ ಅದಕ್ಕೆ ಅಳತೆಯ ಔಷಧ ಇದೆ. ಜಾಸ್ತಿಯಾದರೆ ಆ ಕಡೆ ಕವಾಟ ಕಚ್ಚುತ್ತೆ. ಅವಳನ್ನು ಕರೆತನ್ನಿ, ಅಷ್ಟು ಸಾಕು."

ನಾನು ಗಿರಾಕಿಗಳಿಗೆ ಬೈಯುವ ರೀತಿಯಲ್ಲೇ ಬೈದರು. ಪಲ್ಲೆಯನ್ನು ಗಾಡಿಯ ಚೀಲಕ್ಕೆ ತುರುಕಿ ಮುಂದೆ ಹೊರಟೆ.

ಮುಳವಾಡ ಮುಟ್ಟುವಾಗ ಸೂರ್ಯ ಕೆಳಗಿಳಿದಿದ್ದ. ಕಾಲುವೆಯ ದಂಡೆ ಹಿಡಿದು ಹೋಗು ಎಂದು ಒಬ್ಬರು ಹೇಳಿದರು. ದೂರದಲ್ಲಿ ಧೂಳು ಎದ್ದಿತ್ತು, ಹಿಂಡು ಕಂಡಿತು. ಉತ್ತ ಹೊಲದ ಹೆಂಟೆಗಳ ಮೇಲೆ ಗಾಡಿ ಓಡಿಸಿ, ಎರಡು ಸಲ ಬಿದ್ದು, ಹತ್ತಿರ ಹೋದರೆ ಅದು ಇಂಡಿ ಕಡೆಯ ಝಳಕಿಯವರ ಹಿಂಡು. ಸೋಮನಿಂಗನದು ಕಾಲುವೆಯ ಆಚೆ ದಡದಲ್ಲಿದೆ ಎಂದರು. ತಿರುಗಿ ಸೇತುವೆಗೆ ಬರುವಷ್ಟರಲ್ಲಿ ಸೂರ್ಯನ ಅರ್ಧ ಮಾತ್ರ ಉಳಿದಿತ್ತು. ನನಗೆ ಅಳು ಬಂತು. ಐವತ್ತು ವರ್ಷದ ಗಂಡಸು, ಹೆಲ್ಮೆಟ್ಟಿನೊಳಗೆ ಅಳುತ್ತ, ಪರಶುವಿನ ಮುಖ ನೆನಪು ಮಾಡಿಕೊಳ್ಳುತ್ತ ಗಾಡಿ ಹೊಡೆದೆ. ಇವಳೂ ಹೋದರೆ ಈ ಸಲ ನನ್ನ ಗುಳಿಗೆಯ ಜೊತೆಗೆ ನನ್ನ ಮಾತೂ ಅವಳನ್ನು ಕೊಂದ ಹಾಗೆ.

ಶ್ರೀಶೈಲಪ್ಪನ ಹೊಲದ ಬದುವಿನ ಹತ್ತಿರ ನಾಯಿಗಳು ಮೈಮೇಲೆ ಬಂದವು. ಸೋಮನಿಂಗ ಓಡಿ ಬಂದು ಬಿಡಿಸಿದ. ಹೊತ್ತು ಮುಳುಗಿಯಾಗಿತ್ತು, ಬಲೆಯೊಳಗೆ ಕುರಿಗಳು ಸೇರಿದ್ದವು. ಮೂರು ಕಲ್ಲಿನ ಒಲೆಯ ಪಕ್ಕ ಹುಚ್ಚವ್ವ ಕೂತಿದ್ದಳು. ಮುಂದೆ ಬಟ್ಟೆ ಮುಚ್ಚಿದ ರೊಟ್ಟಿಯ ಬುಟ್ಟಿ, ಪಕ್ಕದಲ್ಲಿ ಭಂಡಾರದ ಚೀಲ, ಚೀಲದ ಮೇಲೆ ಎರಡು ಗುಲಾಬಿ ಗುಳಿಗೆ. ಗುಳಿಗೆ ಇನ್ನೂ ಅಲ್ಲಿಯೇ ಇದ್ದವು. ಅವಳೆದುರು ಮಣ್ಣಿನಲ್ಲಿ ಕುಕ್ಕರಿಸಿದೆ.

"ತಗೋಬ್ಯಾಡ ಹುಚ್ಚವ್ವ. ನಾ ಹೇಳಾಕತ್ತೇನಿ, ತಗೋಬ್ಯಾಡ."

ಅವಳು ಬಲಗೈ ಸೆರಗಿನಿಂದ ಹೊರತೆಗೆದಳು. ಬೆಳಿಗ್ಗೆ ಸುರೇಖಾ ಸೂಜಿ ಚುಚ್ಚಿದ ಜಾಗದಿಂದ ಮುಂಗೈಯ ತನಕ ಕಪ್ಪುನೀಲಿಯಾಗಿತ್ತು. "ತೊಡಿ ಮ್ಯಾಲೂ ಹಿಂಗ ಆಗೇತ್ರಿ, ಟಗರ ಹಾದಿತ್ತು" ಎಂದಳು. ಆಮೇಲೆ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ರೊಟ್ಟಿ ಮುಟ್ಟಿರಲಿಲ್ಲ.

"ಉಂಡ ಮ್ಯಾಲೆ ತಗೋತೇನಿ ಅಂತ ಆಣಿ ಹಾಕಿದ್ರಿ. ನಾ ಉಂಡಿಲ್ರಿ."

ನನಗೆ ಅರ್ಥವಾಗಲಿಲ್ಲ. "ಅಂದ್ರ ಇನ್ನ ಮ್ಯಾಲೆ ಉಣ್ಣಾಕಿ ಇದ್ದಿ?"

"ಇಲ್ರಿ. ಮೂರ ದಿನಾ ಆತು, ರಾತ್ರಿ ಉಣ್ಣೂದ ಬಿಟ್ಟೇನಿ. ಹಲ್ಲಾಗಿನ ರಕ್ತ ನಿಲ್ಲಲಿಲ್ಲ. ಗುಳಿಗಿ ಜಾಸ್ತಿ ಆಗೇತಿ ಅಂತ ನನ್ನ ಮೈ ನನಗ ಹೇಳಾಕತ್ತಿತ್ತು. ನಿಮಗ ಹೇಳಿದ್ರ ನೆವ ಅಂದ್ರಿ. ಆಣಿ ಮುರಿಯಾಕ ಬರೂದಿಲ್ಲ. ಅದಕ್ಕ ಊಟಾನ ಬಿಟ್ಟೆ. ಇವರಿಗಿ ಹೇಳಿಲ್ರಿ, ಹೇಳಿದ್ರ ಒತ್ತಾಯ ಮಾಡಿ ಉಣಸ್ತಿದ್ರು."

ಸೋಮನಿಂಗ ಬಾಯಿ ತೆರೆದು ನಿಂತಿದ್ದ. ಅವನು ಕುರಿಯ ಕಾವಲಿಗೆ ಮೊದಲೇ ಉಂಡು ಹೋಗುತ್ತಿದ್ದನಂತೆ, ಅವಳು ಉಂಡಳೋ ಇಲ್ಲವೋ ನೋಡಿರಲಿಲ್ಲ. ಎದೆ ಕೊಯ್ಯಿಸಿಕೊಂಡು ಬಂದವಳು ಹಗಲೆಲ್ಲ ಕುರಿಯ ಹಿಂದೆ ಬಿಸಿಲಲ್ಲಿ ನಡೆದು, ರಾತ್ರಿ ಹಸಿದು ಮಲಗಿದ್ದಳು. ನಾನು ಅವಳನ್ನು ನಂಬಲಿಲ್ಲ ಎಂಬ ಒಂದೇ ಕಾರಣಕ್ಕೆ. ನನಗೆ ಹೇಸಿಗೆಯಾಯಿತು, ನನ್ನ ಮೇಲೆಯೇ.

"ನಂದ ತಪ್ಪು" ಎಂದೆ. "ಚಳಿಗಾಲದಾಗ ತಪ್ಪಲ ತಿಂತಿದ್ದಿ, ಅದಕ್ಕ ಗುಳಿಗಿ ಹತ್ತಿರಲಿಲ್ಲ. ನೀ ಒಂದ ದಿನಾನೂ ತಪ್ಪಿಸಿರಲಿಲ್ಲ. ನಾ ಸುಳ್ಳಿ ಅಂದೆ."

ಅವಳು ಚೀಲದ ಬಾಯಿ ಬಿಚ್ಚಿ ನನ್ನ ಮುಂದೆ ಹಿಡಿದಳು. ನಾನು ಚಿಟಿಕೆ ಭಂಡಾರ ತೆಗೆದು ಅವಳ ಹಣೆಗೆ ಹಚ್ಚಿ, "ಹಾಕಿದ ಆಣಿ ಬಿಟ್ಟೇನಿ" ಎಂದೆ. ಅರ್ಧ ಪುಡಿ ಅವಳ ಮೂಗಿನ ಮೇಲೆ ಬಿತ್ತು. ಅವಳು ಕಣ್ಣು ಮುಚ್ಚಿದಳು. ಆ ಮೌನದಲ್ಲಿ ಅವಳ ಎದೆಯ ಟಿಕ್ ಟಿಕ್ ನನಗೆ ಕೇಳಿಸಿತು.

ಕಣ್ಣು ತೆರೆದವಳೇ ರೊಟ್ಟಿಗೆ ಕೈ ಹಾಕಿದಳು. ಹಿಂಡಿ ಹಚ್ಚಿಕೊಂಡು ದೊಡ್ಡ ದೊಡ್ಡ ತುತ್ತು. ಶ್ರೀಶೈಲಪ್ಪ ಜೀಪು ತಂದು ಹಾರ್ನ್ ಹೊಡೆಯುತ್ತಿದ್ದ. ಆಸ್ಪತ್ರೆಗೆ ಹೊತ್ತಾಗುತ್ತದೆ ಎಂದು ಸೋಮನಿಂಗ ಚಡಪಡಿಸಿದ. ಎರಡನೆಯ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಎದ್ದಳು. ಜೀಪಿನಲ್ಲಿ ಅದನ್ನು ಮುಗಿಸಿ, ಅಭ್ಯಾಸದಿಂದ, "ಉಂಡ ಮ್ಯಾಲ ಏನ ತಗೋಬೇಕ್ರಿ?" ಎಂದು ಕೇಳಿದಳು.

"ಏನೂ ಇಲ್ಲವ್ವ. ನೀರ ಕುಡಿ."

ಬಾಗೇವಾಡಿಯ ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು. ಅಂಕಿ ಮೆಲ್ಲಗೆ ಇಳಿಯಿತು. ಮೂರು ರಾತ್ರಿಯ ಆರು ಗುಳಿಗೆ ಒಳಗೆ ಹೋಗಿದ್ದಿದ್ದರೆ ಅವಳನ್ನು ನೋಡಲು ನಾನು ಬೇರೆ ಕಡೆ ಹೋಗಬೇಕಾಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಒಂದೇ ಗುಳಿಗೆ ಒಬ್ಬೊಬ್ಬರಿಗೆ ಒಂದೊಂದು ಥರ ಯಾಕೆ ಎಂಬುದನ್ನೂ ಆಗ ಬಿಡಿಸಿ ಹೇಳಿದರು. ಕೆಲವರ ಯಕೃತ್ತು ಹುಟ್ಟಿನಿಂದಲೇ ಗುಳಿಗೆಯನ್ನು ಬೇಗ ಕರಗಿಸಿ ಹೊರಹಾಕುತ್ತದೆ, ಕೆಲವರದು ನಿಧಾನ. ಅದು ತಂದೆತಾಯಿಯಿಂದ ಬಂದದ್ದು. ಅದರ ಮೇಲೆ ವಯಸ್ಸು, ತೂಕ, ಬೇರೆ ಔಷಧ, ತಟ್ಟೆಯಲ್ಲಿರುವ ಊಟ. "ಪ್ರಮಾಣವನ್ನು ಚೀಟಿಯಲ್ಲಿ ಬರೆಯೋದು ನಾನು ನಿಜ, ಆದರೆ ಅದನ್ನು ಕಂಡುಹಿಡಿಯಬೇಕಾದ್ದು ಅವಳ ಮೈಯಲ್ಲಿ" ಎಂದರು. ತಪ್ಪಲು ಬಿಡುವುದು ಬೇಡ, ತಿನ್ನುವಷ್ಟನ್ನು ಸುಮಾರಾಗಿ ಒಂದೇ ಥರ ತಿನ್ನಲಿ, ಊಟ ಬದಲಾದಾಗ ತಿಳಿಸಲಿ ಎಂದು ಕನ್ನಡದಲ್ಲಿ ಬರೆಸಿಕೊಟ್ಟರು. ಈಗ ಅವಳ ಗುಳಿಗೆ ಬೇಸಗೆಗೆ ಒಂದು ಲೆಕ್ಕ, ಚಳಿಗಾಲಕ್ಕೆ ಒಂದು ಲೆಕ್ಕ. ಎರಡೂ ಅಂಕಿ ನೋಡಿಕೊಂಡು.

ಬಸವಂತರಾಯರು ಮುಂದಿನ ತಿಂಗಳು ಬಂದಾಗ ನಾನೇ ಕೇಳಿದೆ: "ಸಾಹೇಬ್ರ, ನೀವು ಚಳಿಗಾಲದಾಗ ಹಕ್ಕರಕಿ ತಿಂತೀರೇನ್ರಿ?"

"ಎಲ್ಲಿಂದ ತಿನ್ನೂದು ಮಾರಾಯ? ಬಾಯಾಗ ಒಂದಾದ್ರೂ ನನ್ನ ಸ್ವಂತ ಹಲ್ಲ ಐತೇನು? ಹನ್ನೆರಡ ತಿಂಗಳೂ ಅನ್ನ, ಬ್ಯಾಳಿ ಸಾರು."

ಆರು ವರ್ಷ ನಾನು ಊರಿಗೆಲ್ಲ ತೋರಿಸುತ್ತಿದ್ದ ಶಿಸ್ತಿನಲ್ಲಿ ಅರ್ಧ ಪಾಲು ಹಲ್ಲಿನ ಸೆಟ್ಟಿನದಾಗಿತ್ತು.

ಕಳೆದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಹುಚ್ಚವ್ವ ಅಂಗಡಿಗೆ ಬಂದಳು. ಮತ್ತೆ ಅಂಗಡಿ ತುಂಬ ಜನ. ಮೈ ತುಂಬಿಕೊಂಡಿದ್ದಳು. ಸೆರಗಿನಿಂದ ಒಂದು ಹಿಡಿ ಹಕ್ಕರಕಿ ತೆಗೆದು ಕೌಂಟರಿನ ಮೇಲೆ ಇಟ್ಟಳು. ಬೇರಿಗೆ ಇನ್ನೂ ಕರಿ ಮಣ್ಣು ಅಂಟಿತ್ತು.

"ಇದು ಬಂತ್ರಿ ಹೊಲದಾಗ. ಇನ್ನೂ ತಿಂದಿಲ್ಲ. ತಿನ್ನೂಕಿಂತ ಮೊದಲ ಹೇಳಾಕ ಬಂದೇನಿ."

ನಾನು ಡಾಕ್ಟರಿಗೆ ಫೋನ್ ಮಾಡಿದೆ, ಸುರೇಖಾಳಿಗೆ ಕೂಗಿದೆ. ರಕ್ತ ಕೊಟ್ಟು ಬಂದ ಮೇಲೂ ಹುಚ್ಚವ್ವ ಹೋಗಲಿಲ್ಲ. ಸೊಂಟದ ಚೀಲ ತೆಗೆದು, ಬಾಯಿ ಬಿಚ್ಚಿ, ಕೌಂಟರಿನ ಮೇಲೆ ಇಟ್ಟಳು.

"ಮತ್ತ್ಯಾಕವ್ವ? ಇನ್ನ ನಿನಗ ಆಣಿ ಹಾಕೂದಿಲ್ಲ ನಾ."

"ನನಗಲ್ರಿ, ನಿಮಗ. ಗುಳಿಗಿ ತಪ್ಪಸೂದಿಲ್ಲ ಅಂತ ಮಂದಿ ಮುಂದ ನಾ ಮುಟ್ಟಿದ್ದೆ. ಹೇಳಿದ್ದು ನಂಬತೇನಿ ಅಂತ ಈಗ ನೀವು ಮುಟ್ರಿ."

ಈ ಸಲ ಯಾರೂ ನಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ, ಬೇರೆ ಯಾವ ದಿನವಾದರೂ ಆಗಿದ್ದರೆ, ನಾನು ಏನು ಅನ್ನುತ್ತಿದ್ದೆನೋ. ಐದೂ ಬೆರಳನ್ನು ಆ ಪುಡಿಯಲ್ಲಿ ಊರಿದೆ.

"ನೀ ಹೇಳಿದ್ದು ನಂಬತೇನಿ" ಎಂದೆ.

"ನಾ ಅಷ್ಟ ಅಲ್ರಿ" ಎಂದಳು, ಹಿಂದೆ ನಿಂತಿದ್ದವರ ಕಡೆ ಗದ್ದ ತಿರುಗಿಸಿ. "ಎಲ್ಲಾರೂ."

"ಎಲ್ಲಾರೂ ಹೇಳಿದ್ದು" ಎಂದೆ.

ಅವಳು ಚೀಲ ಕಟ್ಟಿಕೊಂಡು ಬಸ್ಸಿಗೆ ಹೋದಳು. ಹಕ್ಕರಕಿಯನ್ನು ನನಗೇ ಬಿಟ್ಟಿದ್ದಳು. ಮುಂದಿನ ಗಿರಾಕಿ ಒಬ್ಬ ಮುದುಕಿ, ಬಿಪಿ ಗುಳಿಗೆ ತಗೊಂಡರೆ ತಲೆ ತಿರುಗುತ್ತದೆ ಎಂದಳು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿ, ಸ್ಟೂಲಿನ ಮೇಲೆ ಕೂರಿಸಿ, ಯಾವಾಗ ತಿರುಗುತ್ತದೆ, ಏನು ಉಂಡಿದ್ದೆ ಎಂದು ಕೇಳುತ್ತ ಕೂತೆ. ಅಂಗಡಿ ಮುಚ್ಚುವ ತನಕ ಆ ದಿನ ಕೊಟ್ಟ ಔಷಧದ ಪೊಟ್ಟಣಗಳ ಮೇಲೆಲ್ಲ ನನ್ನ ಹಳದಿ ಬೆರಳಿನ ಗುರುತು ಇತ್ತು.